ವಿಡಿಯೋ ಇಲ್ಲದಿದ್ದರೂ ಹಾಳಾದ ಸಾಮಾನು ವಾಪಸ್ ಕೊಡಬಹುದು

"ಪಾರ್ಸೆಲ್ ಬಿಚ್ಚುವ ವಿಡಿಯೋ ಇಲ್ಲದಿದ್ದರೆ ಹಾಳಾದ ಸಾಮಾನು ವಾಪಸಿಲ್ಲ, ಕೇಸು ಹಾಕುವುದಾದರೆ ಕಂಪನಿ ಇರುವ ಊರಿಗೇ ಹೋಗಬೇಕು." ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂದ ಈ ಮೆಸೇಜಿನ ಎರಡು ಮಾತೂ ತಪ್ಪು.

2020ರ ಇ-ಕಾಮರ್ಸ್ (ಆನ್‌ಲೈನ್ ಮಾರಾಟ) ನಿಯಮಗಳ ಪ್ರಕಾರ, ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದಂತಿಲ್ಲದ ವಸ್ತುವನ್ನು ವಾಪಸ್ ಪಡೆಯಲು, ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ವಿಡಿಯೋ ಒಳ್ಳೆಯ ಸಾಕ್ಷ್ಯ ಹೌದು, ಆದರೆ ಅದೊಂದೇ ಸಾಕ್ಷ್ಯವಲ್ಲ. ನಮ್ಮ ಮನೆಗೆ ಬಂದ ಮಿಕ್ಸಿ ಜಾರಿನ ಬುಡ ಸೀಳಿತ್ತು. ತೊಳೆಯಲು ಹೋದ ಅಮ್ಮನ ಬೆರಳಿಗೆ ತಾಗಿದಾಗಲೇ ಗೊತ್ತಾದದ್ದು. ಜಜ್ಜಿಹೋದ ರಟ್ಟಿನ ಮೂಲೆ, ಬಿರುಕು, ಬಿಲ್ಲು, ಇಷ್ಟರ ಫೋಟೋ ಅವತ್ತೇ ಕಳಿಸಿದೆವು. ಮೊದಲು ಆಗುವುದಿಲ್ಲ ಎಂದರು, ಪಟ್ಟು ಬಿಡಲಿಲ್ಲ, ಹಣ ಬಂತು. ಹಾಗಾಗಿ ದಯವಿಟ್ಟು ರಟ್ಟನ್ನು ಒಲೆಗೆ ಹಾಕಬೇಡಿ.

ಇನ್ನು ಊರಿನ ವಿಷಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮಗೆ ಕಾಸರಗೋಡಿನಲ್ಲೇ ಜಿಲ್ಲಾ ಗ್ರಾಹಕ ಆಯೋಗವಿದೆ. ತೊಂದರೆಯಾದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.