ಕತ್ತರಿ ಹಿಡಿದ ಅಜ್ಜ ಮತ್ತು ಒಂದು ಟ್ರೈಲರ್

ಹೋದ ವಾರ ವಿದ್ಯಾರ್ಥಿಗಳ ಟ್ರೈಲರ್ ಪ್ರಾಜೆಕ್ಟ್‌ಗಳಿಗೆ ಅಂಕ ಹಾಕಿ ಮುಗಿಸಿದೆ. ಒಂದು ತಂಡದ ಕೆಲಸ ಮಾತ್ರ ಇನ್ನೂ ತಲೆಯಲ್ಲೇ ಓಡಾಡುತ್ತಿದೆ. ಬರೆಯಲೇಬೇಕು ಅನ್ನಿಸಿತು. ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತಾದಾಗ ಓದಿ.

ಪ್ರಾಜೆಕ್ಟ್ ಏನು ಅಂತ ಮೊದಲು ಹೇಳಿಬಿಡುತ್ತೇನೆ. ನಾಲ್ಕೈದು ಜನ ಸೇರಿ ಒಂದು ಕಥೆ ಯೋಚಿಸಬೇಕು. ಪೂರ್ತಿ ಸಿನಿಮಾ ಬೇಡ, ಅದರ ಟ್ರೈಲರ್ ಸಾಕು. ಜೊತೆಗೆ ಒಂದು ಪೋಸ್ಟರ್, ಸಿನಿಮಾ ಪತ್ರಿಕೆಯೊಂದರ ಮುಖಪುಟ. ಕೊನೆಗೆ ತಾವು ಮಾಡಿದ್ದನ್ನು ತಾವೇ ತೂಗಿ ನೋಡಿ ಒಂದು ಬರಹ ಕೊಡಬೇಕು.

ಈ ತಂಡದ ಕಥೆ ಕೇಳಿದ ದಿನವೇ ನನಗೆ ಹಿಡಿಸಿತ್ತು. ಅಜ್ಜ ಟೈಲರ್. ವಯಸ್ಸಾಗಿದೆ, ನೆನಪು ಕೈಕೊಡುತ್ತಿದೆ. ಮೊಮ್ಮಗನಿಗೆ ಈಗ ಹತ್ತೊಂಬತ್ತು ವರ್ಷ. ಅಜ್ಜ ದಿನಾ ಬೆಳಗ್ಗೆ ಅವನನ್ನು ನಿಲ್ಲಿಸಿಕೊಂಡು ಟೇಪು ಹಿಡಿದು ಅಳತೆ ತೆಗೆಯುತ್ತಾನೆ. ಎದುರಿಗೆ ನಿಂತಿರುವುದು ಆರಡಿ ಹುಡುಗ. ಅಜ್ಜ ಪುಸ್ತಕದಲ್ಲಿ ಬರೆದುಕೊಳ್ಳುವುದು 'ಚೆಸ್ಟ್ 24, ಶೋಲ್ಡರ್ 11'. ಹುಡುಗ ಏಳು ವರ್ಷದವನಿದ್ದಾಗಿನ ಅಳತೆ ಅದು. ಅಜ್ಜನ ಕಣ್ಣಿಗೆ ಅವನು ಅಲ್ಲಿಂದ ಮುಂದೆ ಬೆಳೆದೇ ಇಲ್ಲ.

ಮುಗಿಸಲು ಇನ್ನೂ ಒಂದು ತಿಂಗಳಿರುವಾಗ ಮೊದಲ ಕರಡು ತಂದು ತೋರಿಸಿದರು. 1 ನಿಮಿಷ 50 ಸೆಕೆಂಡಿನ ಟ್ರೈಲರ್. ಕತ್ತಲೆ ಕೋಣೆ. ಅಜ್ಜನ ಮುಖ. ಮಿಂಚುವ ಕತ್ತರಿ. ಮಲಗಿರುವ ಹುಡುಗ. ಮತ್ತೆ ಅಜ್ಜನ ಮುಖ. ಢಂ ಅಂತ ಒಂದು ದೊಡ್ಡ ಸದ್ದು, ಪರದೆ ಕಪ್ಪು, ಕೆಂಪು ಅಕ್ಷರದಲ್ಲಿ ಸಿನಿಮಾದ ಹೆಸರು. ಪೋಸ್ಟರ್‌ನಲ್ಲಿ ಅಜ್ಜನ ಅರ್ಧ ಮುಖ, ಪಕ್ಕದಲ್ಲಿ ಅದೇ ಕತ್ತರಿ. ಪತ್ರಿಕೆಯ ಮುಖಪುಟದಲ್ಲಿ ಮೊಮ್ಮಗನ ಪಾತ್ರ ಮಾಡಿದ ಹುಡುಗ ಕಪ್ಪು ಕನ್ನಡಕ ಹಾಕಿ, ಕೈಕಟ್ಟಿ ನಿಂತಿದ್ದಾನೆ. ಆ್ಯಕ್ಷನ್ ಹೀರೋ ಥರ.

"ಹೇಗಿದೆ ಮೇಡಂ?" ಅಂತ ಕೇಳಿದರು. ಮುಖದಲ್ಲಿ ಅಷ್ಟು ಖುಷಿ ಇತ್ತು. ನಾನು ತಕ್ಷಣ ಏನೂ ಹೇಳಲಿಲ್ಲ.

ಯಾಕೆಂದರೆ ಅಂಕ ಹಾಕುವ ಫಾರ್ಮ್ ಪ್ರಕಾರ ನೋಡಿದರೆ ಕೆಲಸ ಚೆನ್ನಾಗಿಯೇ ಇತ್ತು. ಕ್ಯಾಮೆರಾ ಅಲುಗಾಡಿಲ್ಲ. ಕಡಿಮೆ ಬೆಳಕಿನಲ್ಲೂ ಮುಖ ಚೆನ್ನಾಗಿ ಕಾಣುತ್ತದೆ, ಇದು ಸುಲಭದ ಮಾತಲ್ಲ. ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೋಗುವ ಕಟ್‌ಗಳು ಸಂಗೀತದ ತಾಳಕ್ಕೆ ಸರಿಯಾಗಿ ಬೀಳುತ್ತವೆ. ಪೋಸ್ಟರ್‌ನಲ್ಲಿ ಹೆಸರು, ಅಡಿಬರಹ, ಬಿಡುಗಡೆ ದಿನ ಎಲ್ಲ ಇದೆ. ಮುಖಪುಟದಲ್ಲಿ ಪತ್ರಿಕೆಯ ಹೆಸರು ಮೇಲೆ ದೊಡ್ಡದಾಗಿದೆ, ಹುಡುಗನ ತಲೆ ಅದನ್ನು ಸ್ವಲ್ಪ ಮುಚ್ಚಿದೆ, ಮೂಲೆಯಲ್ಲಿ ಬಾರ್‌ಕೋಡ್ ಕೂಡ ಇದೆ. ಒಂದೊಂದೇ ಸಾಲಿಗೆ ಟಿಕ್ ಹಾಕುತ್ತಾ ಹೋದರೆ ಒಳ್ಳೆಯ ಅಂಕವೇ ಬರುತ್ತದೆ.

ಆದರೆ ಆ ಅಜ್ಜ ಎಲ್ಲಿ ಹೋದ? ಆ ಟೇಪು ಎಲ್ಲಿ?

ನನ್ನ ತಕರಾರು ಇಲ್ಲೇ ಇರುವುದು. ನಮ್ಮ ಫಾರ್ಮ್‌ನಲ್ಲಿ ಕ್ಯಾಮೆರಾಗೆ ಒಂದು ಸಾಲು ಇದೆ, ಎಡಿಟಿಂಗ್‌ಗೆ ಇದೆ, ಧ್ವನಿಗೆ ಇದೆ, ಪೋಸ್ಟರ್‌ಗೆ ಇದೆ, ಮುಖಪುಟಕ್ಕೆ ಇದೆ. ಇವೆಲ್ಲ ಒಂದೇ ಸಿನಿಮಾಕ್ಕೆ ಸೇರಿದವು ಅನ್ನಿಸುತ್ತದೆಯೇ ಅಂತ ಕೇಳುವ ಸಾಲೇ ಇಲ್ಲ. ಟ್ರೈಲರ್ ನೋಡುವವರಿಗೆ ಒಂದು ಮಾತು ಕೊಡುತ್ತದೆ. 'ಬನ್ನಿ, ನಿಮಗೆ ಇಂಥದ್ದು ಸಿಗುತ್ತದೆ' ಅನ್ನುತ್ತದೆ. ಪೋಸ್ಟರ್ ಕೊಡುವ ಮಾತೂ ಅದೇ ಆಗಿರಬೇಕು. ಮುಖಪುಟವೂ ಅಷ್ಟೇ. ಇಲ್ಲಿ ಮೂರೂ ಮೂರು ದಿಕ್ಕಿಗಿದ್ದವು. ಆ ಮೂರರಲ್ಲಿ ಒಂದೂ ಕಥೆಯ ಕಡೆಗೆ ಇರಲಿಲ್ಲ.

ಹಾಗಂತ ನಾನೇ ಹೇಳಿಬಿಟ್ಟರೆ 'ಮೇಡಂಗೆ ಇಷ್ಟ ಆಗಲಿಲ್ಲ' ಅಂತ ಆಗುತ್ತದೆ ಅಷ್ಟೆ. ಅದಕ್ಕೆ ಒಂದು ಕೆಲಸ ಕೊಟ್ಟೆ. ಕಥೆ ಗೊತ್ತೇ ಇಲ್ಲದ ಆರು ಜನರಿಗೆ ಟ್ರೈಲರ್ ತೋರಿಸಿ. ತೋರಿಸುವ ಮೊದಲು ಏನೂ ಹೇಳಬೇಡಿ. ಮುಗಿದ ಮೇಲೆ 'ಹೇಗಿದೆ' ಅಂತಲೂ ಕೇಳಬೇಡಿ. ಮೂರೇ ಪ್ರಶ್ನೆ ಕೇಳಿ: ಇದು ಯಾವ ಥರದ ಸಿನಿಮಾ? ಯಾರ ಕಥೆ? ಮುಂದೆ ಏನಾಗಬಹುದು? ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ, ವಾದ ಮಾಡಬೇಡಿ.

ಈ ಕೊನೆಯದನ್ನು ಒತ್ತಿ ಹೇಳಬೇಕಾಯಿತು. ಪ್ರೇಕ್ಷಕರ ಅಭಿಪ್ರಾಯ ಅಂದಕೂಡಲೇ ಮಕ್ಕಳು ಮಾಡುವುದು ಗೂಗಲ್ ಫಾರ್ಮ್. ಗೆಳೆಯರಿಗೇ ಕಳಿಸುತ್ತಾರೆ, ಗೆಳೆಯರು ಐದಕ್ಕೆ ಐದು ನಕ್ಷತ್ರ ಕೊಡುತ್ತಾರೆ, ಅದರಿಂದ ಬಣ್ಣಬಣ್ಣದ ಚಾರ್ಟ್ ಬರುತ್ತದೆ. ನೋಡಲು ಚೆಂದ. ಕಲಿಯುವುದಕ್ಕೆ ಅದರಲ್ಲಿ ಏನೂ ಇರುವುದಿಲ್ಲ.

ಎರಡು ದಿನ ಬಿಟ್ಟು ಬಂದರು. ಆರು ಜನರಲ್ಲಿ ಐವರು ಅಜ್ಜ ಕೊಲೆಗಾರ ಅಂದಿದ್ದರು. ಒಬ್ಬರು ಮಾತ್ರ "ಅಜ್ಜನಿಗೆ ಹುಷಾರಿಲ್ವಾ?" ಅಂತ ಕೇಳಿದ್ದರು. ಮುಂದೆ ಏನಾಗಬಹುದು ಅನ್ನುವುದಕ್ಕೆ ಒಬ್ಬರ ಉತ್ತರ: "ಇಂಟರ್‌ವಲ್ ಹೊತ್ತಿಗೆ ಮೊಮ್ಮಗ ಸಾಯ್ತಾನೆ." ಅದನ್ನು ಓದಿ ಹೇಳುವಾಗ ತಂಡದ ಹುಡುಗಿಯ ದನಿ ಸಣ್ಣಗಾಯಿತು. ಕಥೆ ಬರೆದವಳು ಅವಳೇ. "ಮೇಡಂ, ನಾವು ಕೊಲೆ ಅಂತ ಎಲ್ಲೂ ತೋರಿಸಿಲ್ಲ" ಅಂದಳು.

ಹೌದು, ತೋರಿಸಿರಲಿಲ್ಲ. ಜೋಡಿಸಿದ್ದರು. ಸುಮಾರು ನೂರು ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಅಂತ ಒಬ್ಬ ನಿರ್ದೇಶಕ ಇದನ್ನೇ ಮಾಡಿ ನೋಡಿದ್ದ. ಒಬ್ಬ ನಟನ ಮುಖದ ಅದೇ ಶಾಟ್. ಒಮ್ಮೆ ಅದರ ಪಕ್ಕ ಸೂಪ್ ಬಟ್ಟಲು ಇಟ್ಟ. ಇನ್ನೊಮ್ಮೆ ಶವಪೆಟ್ಟಿಗೆ. ಮತ್ತೊಮ್ಮೆ ಒಬ್ಬ ಹೆಣ್ಣು. ನೋಡಿದವರಿಗೆ ಅದೇ ಮುಖದಲ್ಲಿ ಒಮ್ಮೆ ಹಸಿವು, ಒಮ್ಮೆ ದುಃಖ, ಒಮ್ಮೆ ಆಸೆ ಕಂಡಿತಂತೆ. ಮುಖ ಬದಲಾಗಿರಲಿಲ್ಲ, ಪಕ್ಕದ ಶಾಟ್ ಬದಲಾಗಿತ್ತು. ಅಜ್ಜನ ಮುಖ, ಕತ್ತರಿ, ಮಲಗಿದ ಹುಡುಗ. ಈ ಮೂರನ್ನು ಆ ಕ್ರಮದಲ್ಲಿ ಇಟ್ಟರೆ ಕೊಲೆಯೇ ಹುಟ್ಟುತ್ತದೆ. ಇಡೀ ತರಗತಿ ಪಾಠ ಮಾಡಿದ್ದರೂ ಇದು ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಆರು ಜನ ಅಪರಿಚಿತರು ಐದು ನಿಮಿಷದಲ್ಲಿ ಕಲಿಸಿಬಿಟ್ಟರು.

ಇದನ್ನು ಜೊತೆಯಲ್ಲಿ ಪಾಠ ಮಾಡುವವರೊಬ್ಬರಿಗೆ ಹೇಳಿದೆ. ಅವರದು ಬೇರೆ ಅಭಿಪ್ರಾಯ. "ಹೊರಗಡೆ ದೊಡ್ಡ ಸಿನಿಮಾದವರೇ ಹೀಗೆ ಮಾಡ್ತಾರೆ. ಭಯ ತೋರಿಸಿದರೆ ಜನ ಬರ್ತಾರೆ. ಮಕ್ಕಳಿಗೆ ಮಾರ್ಕೆಟಿಂಗ್ ಗೊತ್ತಿದೆ ಅಂತ ಅಂಕ ಕೊಡಿ" ಅಂದರು. ಯೋಚನೆ ಮಾಡಿದೆ, ಒಪ್ಪಲಾಗಲಿಲ್ಲ. ಭಯಪಡಲು ಬಂದವನಿಗೆ ಇಲ್ಲಿ ಭಯ ಸಿಗುವುದಿಲ್ಲ, ಅವನು ಬೈದುಕೊಂಡೇ ಎದ್ದು ಹೋಗುತ್ತಾನೆ. ಈ ಅಜ್ಜನನ್ನು ನೋಡಿ ಕಣ್ಣೊರೆಸಿಕೊಳ್ಳಬೇಕಿದ್ದವರು ಪೋಸ್ಟರ್ ನೋಡಿಯೇ ಬೇಡ ಅಂತ ದೂರ ಉಳಿಯುತ್ತಾರೆ. ಇಬ್ಬರೂ ಕೈತಪ್ಪಿದರೆ ಅದು ಒಳ್ಳೆಯ ಮಾರ್ಕೆಟಿಂಗ್ ಹೇಗಾಗುತ್ತದೆ?

ಅವರು ಹೇಳಿದ ಇನ್ನೊಂದು ಮಾತು ಮಾತ್ರ ಸರಿ. ಹೊಸದಾಗಿ ಕಲಿಯುವವರು ಮೊದಲು ಎಲ್ಲರೂ ಮಾಡುವ ರೀತಿಯನ್ನು ಮಾಡಿ ನೋಡಬೇಕು. ಹಾರರ್ ಟ್ರೈಲರ್ ಥರ ಮಾಡಿದ್ದಕ್ಕೇ ಇವರಿಗೆ ಕತ್ತಲಲ್ಲಿ ಬೆಳಕು ಇಡುವುದು ಬಂತು. ಅದು ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ಆದರೆ ರೂಢಿಯನ್ನು ಪಾಲಿಸಿದ್ದಾರಾ ಅನ್ನುವುದೊಂದೇ ಅಳತೆಗೋಲು ಆಗಬಾರದು. 1960ರಲ್ಲಿ ಹಿಚ್‌ಕಾಕ್ ತನ್ನ ಭಯದ ಸಿನಿಮಾ 'ಸೈಕೋ'ಗೆ ಮಾಡಿದ ಟ್ರೈಲರ್ ಆರು ನಿಮಿಷಕ್ಕಿಂತ ಜಾಸ್ತಿ ಇದೆ. ನಿರ್ದೇಶಕನೇ ಸೆಟ್ಟಿನಲ್ಲಿ ಓಡಾಡುತ್ತಾ ಇಲ್ಲಿ ಹೀಗಾಯಿತು, ಅಲ್ಲಿ ಹಾಗಾಯಿತು ಅಂತ ತೋರಿಸುತ್ತಾ ಹೋಗುತ್ತಾನೆ. ನಮ್ಮ ಫಾರ್ಮ್ ಹಿಡಿದು ಅಂಕ ಹಾಕಿದರೆ ಅದು ಎಡಿಟಿಂಗ್‌ನಲ್ಲೇ ಫೇಲ್! ಆದರೆ ನೋಡಿದವರಿಗೆ ತಮಗೆ ಎಂಥ ಸಿನಿಮಾ ಕಾದಿದೆ ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ.

ಮಕ್ಕಳು ಹಾರ್ಡ್ ಡಿಸ್ಕ್ ತೆಗೆದು ಮತ್ತೆ ಎಲ್ಲ ಶಾಟ್ ನೋಡಿದರು. ಅಳತೆ ತೆಗೆಯುವ ದೃಶ್ಯ ಶೂಟ್ ಮಾಡಿಯೇ ಇದ್ದರು. 'ಸ್ಲೋ ಆಯ್ತು' ಅಂತ ಪಕ್ಕಕ್ಕಿಟ್ಟಿದ್ದರು. ಸಿನಿಮಾದ ಜೀವವೇ ಪಕ್ಕಕ್ಕಿಟ್ಟ ಫೋಲ್ಡರ್‌ನಲ್ಲಿ ಕೂತಿತ್ತು.

ಎರಡನೇ ಟ್ರೈಲರ್ 55 ಸೆಕೆಂಡು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನಗೆ ಅಷ್ಟು ಇಷ್ಟವಾಗಿದೆ. ಮೊದಲು ಕಪ್ಪು ಪರದೆ. ಹೊಲಿಗೆ ಯಂತ್ರದ ಸದ್ದು ಮಾತ್ರ. ಸದ್ದು ನಿಲ್ಲುತ್ತದೆ. ಚಿತ್ರ ಬರುವ ಮೊದಲೇ ಅಜ್ಜನ ದನಿ: "ನೆಟ್ಟಗೆ ನಿಂತ್ಕೊ, ಅಲ್ಲಾಡಬೇಡ." ಆಮೇಲೆ ಸುಕ್ಕುಗಟ್ಟಿದ ಕೈ, ಟೇಪು, ಬಟ್ಟೆಯ ಒಂದು ತುಣುಕು. ಯಾರ ಅಳತೆ ಅಂತ ಕಾಣುವುದಿಲ್ಲ. "ಚೆಸ್ಟ್ 24. ಶೋಲ್ಡರ್ 11." ಪೆನ್ಸಿಲ್ ಬರೆಯುವ ಸದ್ದು. ನೋಡುವವರಿಗೆ ಯಾವುದೋ ಪುಟ್ಟ ಮಗು ನಿಂತಿದೆ ಅನ್ನಿಸುತ್ತದೆ. "ಈ ಸಲ ಬೇಗ ಹೊಲಿದು ಕೊಡ್ತೀನಿ, ಅಳಬಾರದು." ಆಗ ಕ್ಯಾಮೆರಾ ದೂರದಿಂದ ತೋರಿಸುತ್ತದೆ. ಆರಡಿ ಹುಡುಗ ಎರಡೂ ಕೈ ಎತ್ತಿ, ತಲೆ ಬಗ್ಗಿಸಿ, ಸುಮ್ನೆ ನಿಂತಿದ್ದಾನೆ. ಎರಡು ಸೆಕೆಂಡು ಏನೂ ಸದ್ದಿಲ್ಲ. "ಆಯ್ತು ಅಜ್ಜ" ಅನ್ನುತ್ತಾನೆ. ಹೆಸರು ಬರುತ್ತದೆ. ಮುಗಿಯಿತು.

ಸಂಗೀತವೇ ಇಲ್ಲ. ಮೊದಲಿನದರಲ್ಲಿ ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಗುಡುಗಿನಂಥ ಸದ್ದುಗಳು ತುಂಬಿದ್ದವು. ಇಲ್ಲಿರುವುದು ಯಂತ್ರ, ಪೆನ್ಸಿಲ್, ಉಸಿರು. ಇದನ್ನು ಹಿಡಿಯಲು ಆ ದೃಶ್ಯದ ಧ್ವನಿಯನ್ನು ಮತ್ತೆ ರೆಕಾರ್ಡ್ ಮಾಡಬೇಕಾಯಿತು. ಮೊದಲು ಕ್ಯಾಮೆರಾದ ಮೇಲಿನ ಮೈಕ್ ನಂಬಿದ್ದರು. ಅದು ದೂರ ಇದ್ದಷ್ಟೂ ಕೋಣೆಯ ಗುಂಯ್ ಸದ್ದನ್ನೇ ಜಾಸ್ತಿ ಹಿಡಿಯುತ್ತದೆ. ಈ ಸಲ ಒಂದು ಫೋನನ್ನು ರೆಕಾರ್ಡರ್ ಮಾಡಿಕೊಂಡು ಬಾಯಿಯಿಂದ ಒಂದು ಗೇಣು ದೂರದಲ್ಲಿ ಇಟ್ಟರು. ಖಾಲಿ ಕೋಣೆಯ ಸದ್ದನ್ನೂ ಅರ್ಧ ನಿಮಿಷ ಬೇರೆಯಾಗಿ ಹಿಡಿದು, ಶಾಟ್ ಬದಲಾಗುವಾಗ ಸದ್ದು ಕಡಿಯದ ಹಾಗೆ ಕಟ್‌ಗಳ ಕೆಳಗೆ ಹಾಸಿದರು. ಮಕ್ಕಳ ಟ್ರೈಲರ್‌ಗಳು ಸೋಲುವುದು ಬಹುಪಾಲು ಚಿತ್ರದಲ್ಲಲ್ಲ, ಧ್ವನಿಯಲ್ಲಿ. ಮಸುಕಾದ ಶಾಟ್ ಒಂದನ್ನು ಜನ ಸಹಿಸಿಕೊಳ್ಳುತ್ತಾರೆ. ಮಾತು ಕೇಳಿಸದಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಬೇರೆ ಆರು ಜನರಿಗೆ ತೋರಿಸಿದರು. ಮೊದಲಿನವರಿಗೆ ತೋರಿಸಬೇಡಿ ಅಂತ ನಾನೇ ಹೇಳಿದ್ದೆ, ಅವರು ಈಗಾಗಲೇ ಅಜ್ಜನ ಕೈಯಲ್ಲಿ ಕತ್ತರಿ ನೋಡಿಬಿಟ್ಟಿದ್ದಾರಲ್ಲ. ಈ ಸಲ ಯಾರೂ ಕೊಲೆ ಅನ್ನಲಿಲ್ಲ. ಒಬ್ಬರು ಪ್ರಶ್ನೆಗೆ ಉತ್ತರವನ್ನೇ ಕೊಡದೆ, ಅಜ್ಜನ ಪಾತ್ರ ಮಾಡಿದವರು ಯಾರು ಅಂತ ಕೇಳಿ, ಎರಡನೇ ಸಲ ಹಾಕಿಸಿಕೊಂಡು ನೋಡಿದರಂತೆ.

ಪೋಸ್ಟರ್ ಕೂಡ ಬದಲಾಯಿತು. 1955ರಲ್ಲಿ 'ದ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್' ಸಿನಿಮಾಕ್ಕೆ ಸಾಲ್ ಬ್ಯಾಸ್ ಅನ್ನುವ ವಿನ್ಯಾಸಕಾರರು ಒಂದು ಮುರುಟಿದ ಕೈ ಬಿಡಿಸಿದ್ದರು. ಪೋಸ್ಟರ್‌ನಲ್ಲೂ ಅದೇ ಕೈ, ಸಿನಿಮಾದ ಶುರುವಿನ ಟೈಟಲ್‌ನಲ್ಲೂ ಅದೇ ಕೈ. ಅದನ್ನು ತೋರಿಸಿ ಕೇಳಿದೆ, ನಿಮ್ಮ ಸಿನಿಮಾದ 'ಕೈ' ಯಾವುದು ಅಂತ. ಒಂದು ಕ್ಷಣವೂ ಬೇಕಾಗಲಿಲ್ಲ, ಟೇಪು ಅಂದರು. ಈಗ ಪೋಸ್ಟರ್‌ನಲ್ಲಿ ಮುಖವೇ ಇಲ್ಲ. ತಿಳಿ ಬಣ್ಣದ ಬಟ್ಟೆಯ ಮೇಲೆ ಹಳದಿ ಟೇಪು ಸುರುಳಿಯಾಗಿ ಬಿದ್ದಿದೆ. 24ರ ಹತ್ತಿರ ಒಂದು ಹೆಬ್ಬೆರಳು ಒತ್ತಿ ಹಿಡಿದಿದೆ. ಫೋನಿನಲ್ಲಿ ಉಗುರಿನಷ್ಟು ಚಿಕ್ಕದು ಮಾಡಿ ನೋಡಿದರೂ ಹಳದಿ ಗೆರೆ, ಹೆಬ್ಬೆರಳು ಎರಡೂ ಕಾಣುತ್ತವೆ. ಈಗ ಹೆಚ್ಚು ಜನ ಪೋಸ್ಟರ್ ನೋಡುವುದು ಆ ಅಳತೆಯಲ್ಲೇ, ಅಲ್ವಾ?

ಒಂದು ಸಣ್ಣ ವಿಷಯ ಹೇಳಿ ಮುಂದೆ ಹೋಗುತ್ತೇನೆ. ಪೋಸ್ಟರ್‌ನ ಕೆಳಗೆ ಉದ್ದುದ್ದ, ಒತ್ತೊತ್ತಾದ ಅಕ್ಷರಗಳಲ್ಲಿ ಹೆಸರುಗಳು ಇರುತ್ತವಲ್ಲ, ಅದನ್ನು ಮಕ್ಕಳು ಅಲಂಕಾರ ಅಂದುಕೊಂಡಿರುತ್ತಾರೆ. ಹಾಲಿವುಡ್‌ನಲ್ಲಿ ಹೆಸರಿನ ಗಾತ್ರ ಸಿನಿಮಾದ ಶೀರ್ಷಿಕೆಯ ಗಾತ್ರದ ಇಷ್ಟು ಪಾಲು ಇರಬೇಕು ಅಂತ ಒಪ್ಪಂದದಲ್ಲಿ ಬರೆದಿರುತ್ತಾರೆ. ಅದಕ್ಕೇ ಅಕ್ಷರದ ಎತ್ತರ ಉಳಿಸಿಕೊಂಡು ಅಗಲ ಕಡಿಮೆ ಮಾಡುವ ಉಪಾಯ ಬಂತು. ಈ ತಂಡದ ಮೊದಲ ಪೋಸ್ಟರ್‌ನಲ್ಲಿ ಟೆಂಪ್ಲೇಟ್ ಜೊತೆ ಬಂದಿದ್ದ ಯಾರದೋ ಹೆಸರುಗಳು ಹಾಗೇ ಇದ್ದವು. ಎರಡನೆಯದರಲ್ಲಿ ದೀಪ ಹಿಡಿದವನ ಹೆಸರೂ ಸೇರಿ ಐದೂ ಜನರ ಹೆಸರಿದೆ.

ಬರಹದ ಬಗ್ಗೆಯೂ ಹೇಳಬೇಕು, ಯಾಕೆಂದರೆ ಮಕ್ಕಳು ಅತಿ ಬೇಗ ಮುಗಿಸಿಬಿಡುವುದು ಅದನ್ನೇ. ಯಾವ ಸಾಫ್ಟ್‌ವೇರ್, ಯಾವ ಲೆನ್ಸ್, ಯಾವ ಫಾಂಟ್ ಅಂತ ಪಟ್ಟಿ ಇರುತ್ತದೆ. 'ನಾವು ತುಂಬಾ ಕಲಿತೆವು' ಅನ್ನುವ ಸಾಲು ಇದ್ದೇ ಇರುತ್ತದೆ. ಏನು ಕಲಿತಿರಿ ಅಂದರೆ ಉತ್ತರ ಇರುವುದಿಲ್ಲ. ಈ ತಂಡದ ಬರಹ ಶುರುವಾಗುವುದೇ 'ಆರು ಜನರಲ್ಲಿ ಐವರು ನಮ್ಮ ಅಜ್ಜನನ್ನು ಕೊಲೆಗಾರ ಅಂದರು' ಅನ್ನುವ ವಾಕ್ಯದಿಂದ. ಅಲ್ಲಿಂದ ಮುಂದೆ ಒಂದೊಂದು ಶಾಟ್ ಯಾಕೆ ತೆಗೆದೆವು, ಯಾಕೆ ಇಟ್ಟೆವು ಅಂತ ಬರೆದಿದ್ದಾರೆ. ನಾಲ್ಕು ಪುಟ, ಒಂದು ಸಾಲೂ ಸುಮ್ನೆ ಬಂದಿಲ್ಲ.

ಪತ್ರಿಕೆಯ ಮುಖಪುಟ ಮಾತ್ರ ಸರಿಯಾಗಲಿಲ್ಲ. ಅಜ್ಜನ ಪಾತ್ರ ಮಾಡಿದವರನ್ನು ಕೂರಿಸಿ ಫೋಟೊ ತೆಗೆಯಬೇಕು ಅಂತ ಇವರಿಗೆ ಹೊಳೆಯುವಷ್ಟರಲ್ಲಿ ದಿನ ಮುಗಿದಿತ್ತು. ಕಪ್ಪು ಕನ್ನಡಕದ ಹುಡುಗನೇ ಉಳಿದ. ಅದನ್ನು ಅವರು ಮುಚ್ಚಿಡಲಿಲ್ಲ. ಈ ಮುಖಪುಟ ನಮ್ಮ ಸಿನಿಮಾದ್ದಲ್ಲ ಅನ್ನಿಸುತ್ತದೆ ಅಂತ ಬರೆದು, ಕಾರಣವನ್ನೂ ಕೊಟ್ಟಿದ್ದರು. ಮುಖಪುಟಕ್ಕೆ ಕಡಿಮೆ ಅಂಕ ಕೊಟ್ಟೆ, ಆ ಸಾಲುಗಳಿಗೆ ಬರಹದಲ್ಲಿ ಪೂರ್ತಿ ಅಂಕ ಕೊಟ್ಟೆ. ಫಾರ್ಮ್‌ನ ಮೊದಲ ಸಾಲಾಗಿ 'ಟ್ರೈಲರ್, ಪೋಸ್ಟರ್, ಮುಖಪುಟ ಮೂರನ್ನೂ ಒಟ್ಟಿಗೆ ಇಟ್ಟರೆ ಒಂದೇ ಸಿನಿಮಾದ್ದು ಅನ್ನಿಸುತ್ತದೆಯೇ?' ಅಂತ ಸೇರಿಸಿ ಎಂದು ಫಾರ್ಮ್ ಮಾಡುವವರಿಗೆ ಬರೆದು ಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಅಂಕಪಟ್ಟಿ ಹೋದ ಮೇಲೂ ಆ ಹುಡುಗಿ ಮೆಸೇಜ್ ಮಾಡಿದ್ದಾಳೆ. ಭಾನುವಾರ ಅಜ್ಜ ಬಿಡುವಾಗಿದ್ದಾರಂತೆ, ಮುಖಪುಟದ ಫೋಟೊ ಮತ್ತೆ ತೆಗೆಯುತ್ತಾರಂತೆ.