ಹಾರ್ನ್ ಹೊಡೀರಿ ನೋಡುವ

ಕಾರಿನ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟಿನ ಬಗ್ಗೆ ಉಡುಪಿಯಲ್ಲಿ ಯಾರನ್ನೂ ಕೇಳಬಾರದು. ಎಲ್ಲರಿಗೂ ಗೊತ್ತಿರುತ್ತದೆ, ಅದೇ ಕಷ್ಟ. "ಎರಡು ವರ್ಷಕ್ಕೊಮ್ಮೆ ಮಾಡಿಸ್ಬೇಕು ಮಾರಾಯ" ಎಂದರು ಭಾವ. ಅವರ ತಮ್ಮನದು ಟ್ಯಾಕ್ಸಿ. ಅದಕ್ಕೆ 8 ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಆ ಲೆಕ್ಕ ನನ್ನ ತಲೆಗೆ ಕಟ್ಟಿದ್ದು. ಪಕ್ಕದ ಮನೆ ಮಾಸ್ಟ್ರದ್ದು ಬೇರೆಯೇ ರಾಗ: "ಲೈಫ್ ಟ್ಯಾಕ್ಸ್ ಕಟ್ಟಿದ್ದೀರಲ್ಲ, ಇನ್ನೆಂಥ ಎಫ್‌ಸಿ?" ಲೈಫ್ ಟ್ಯಾಕ್ಸ್ ಕಟ್ಟಿದ ಕಾರಿಗೆ ಸಾವಿಲ್ಲ ಅಂತ ಅವರ ನಂಬಿಕೆ.

ಸ್ವಂತ ಕಾರಿನ ಆರ್‌ಸಿಗೆ, ಅಂದರೆ ನೋಂದಣಿ ಪತ್ರಕ್ಕೆ, ನೋಂದಣಿಯಾದ ದಿನದಿಂದ 15 ವರ್ಷ ಆಯಸ್ಸು. ಅಲ್ಲಿಯವರೆಗೆ ಇನ್‌ಸ್ಪೆಕ್ಟರಿಗೆ ಗಾಡಿ ತೋರಿಸುವ ಕೆಲಸವೇ ಇಲ್ಲ. ಆಮೇಲೆ ಫಾರಂ 25 ತುಂಬಿಸಿ, ಗಾಡಿ ತೋರಿಸಿ, ಪಾಸಾದರೆ ಇನ್ನೈದು ವರ್ಷ. ಅವಧಿ ಮುಗಿಯಲು 60 ದಿನ ಇರುವಾಗಲೇ ಅರ್ಜಿ ಹಾಕಬಹುದು. ನಡುವೆ ಹೊಗೆ ತಪಾಸಣೆ ಉಂಟು. ಹೊಸ ಕಾರಿಗೆ ಮೊದಲ ವರ್ಷ ಬೇಡ. ಮತ್ತೆ ಹೊಗೆಯ ಮಾನದಂಡ ಬಿಎಸ್-4, ಬಿಎಸ್-6 ಆದರೆ ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ಆರು ತಿಂಗಳಿಗೊಮ್ಮೆ. ನನ್ನದು ಹಳೆಯದು.

ಮಲ್ಪೆ ಕಡೆಯ ಉಪ್ಪುಗಾಳಿಯಲ್ಲಿ ಕಾರು 15 ವರ್ಷ ಬಾಳುವುದೇ ದೊಡ್ಡದು. ಮ್ಯಾಟ್ ಎತ್ತಿದರೆ ರೂಪಾಯಿ ನಾಣ್ಯದಷ್ಟು ತೂತು, ಅದರಲ್ಲಿ ರಸ್ತೆ ಕಾಣುತ್ತಿತ್ತು. "ಇನ್ನು ಎಸಿ ರಿಪೇರಿ ಬೇಡ" ಎಂದಳು ಹೆಂಡತಿ.

ಅರ್ಜಿಗೆ ಬೇಕೆಂದು, ಗಾಡಿಯ ಮೈಮೇಲೆ ಕೊರೆದ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕಬೇಕಿತ್ತು. ಬಾನೆಟ್ ಎತ್ತಿದರೆ ನಂಬರೇ ಇಲ್ಲ! ತುಕ್ಕು, ಅದರ ಮೇಲೆ ಗ್ರೀಸು, ಅದರ ಮೇಲೆ ಇಲಿ ತಂದು ಹಾಸಿದ ತೆಂಗಿನ ನಾರು. ಗ್ಯಾರೇಜಿನ ಹುಡುಗ ಪೆಟ್ರೋಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ ತಿಕ್ಕಿದ. ಕಾಗದದಲ್ಲಿ 8 ಮೂಡಿತು. ಆರ್‌ಸಿಯಲ್ಲಿ 3. ಇಷ್ಟು ವರ್ಷ ಯಾರದೋ ಕಾರು ಓಡಿಸಿದೆನಾ ಅಂತ ಬೆವರಿದೆ. ಇನ್ನೊಮ್ಮೆ ತಿಕ್ಕಿದಾಗ 3 ಬಂತು.

ತಪಾಸಣೆಯ ದಿನ ಲೈಟ್, ಇಂಡಿಕೇಟರ್, ಬ್ರೇಕ್, ವೈಪರ್ ಎಲ್ಲ ಪಾಸು. "ಹಾರ್ನ್ ಹೊಡೀರಿ ನೋಡುವ" ಎಂದರು ಇನ್‌ಸ್ಪೆಕ್ಟರ್. ಒತ್ತಿದೆ. ಸದ್ದಿಲ್ಲ. ಕಲ್ಸಂಕದಲ್ಲಿ ಬಸ್ಸಿನವರಿಗೇ ಸವಾಲು ಹಾಕುತ್ತಿದ್ದ ಹಾರ್ನ್ ಅದು! ಸ್ಟೇರಿಂಗ್ ಚೂರು ಎಡಕ್ಕೆ ತಿರುಗಿಸಿದೆ. ಕೂಗಿತು.

"ನೇರ ಹೋಗುವಾಗ ಎಂಥ ಮಾಡ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಭಾವ ಹಿಂದಿನಿಂದ, "ತಲೆ ಹೊರಗೆ ಹಾಕಿ ಬೊಬ್ಬೆ ಹೊಡೀತಾನೆ ಸರ್" ಎಂದರು. ಇಂಥವರನ್ನು ಯಾಕಾದರೂ ಜೊತೆಗೆ ಕರೆದುಕೊಂಡು ಹೋಗುತ್ತೇವೋ. ಇನ್‌ಸ್ಪೆಕ್ಟರ್ ನಗಲಿಲ್ಲ. ಹಾರ್ನ್ ಬದಲಿಸಿ ಮತ್ತೆ ತೋರಿಸಿದ ಮೇಲೆಯೇ ಪಾಸಾಯಿತು.

ಆರ್‌ಸಿ ನವೀಕರಣದ ಶುಲ್ಕದ ವಿಷಯ ಎತ್ತಿದರೆ ಭಾವನಿಗೂ ನಗು ಬರುವುದಿಲ್ಲ. ಹಿಂದೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಗಿದೆ. ತಡ ಮಾಡಿದರೆ ತಿಂಗಳಿಗೆ 500 ಜಾಸ್ತಿ. 20 ವರ್ಷ ದಾಟಿದ ಕಾರಿಗಂತೂ 2025ರಿಂದ 10,000. ಅದಕ್ಕೆ ಮೊದಲೇ ಮಾರಿದರೆ ಎಷ್ಟು ಸಿಗಬಹುದು ಅಂತ ಗ್ಯಾರೇಜಿನ ಹುಡುಗನನ್ನು ಕೇಳಿದೆ. ಅವನು ಕಾರಿಗೆ ಒಂದು ಸುತ್ತು ಬಂದು ಹೇಳಿದ:

"ಹಾರ್ನ್ ಹೊಸತಲ್ವಾ, ಅದಕ್ಕೆ ಸ್ವಲ್ಪ ಸಿಗಬಹುದು."