ಸತ್ತಿದ್ದು ಸ್ವಲ್ಪ ಲ್ಯಾಗ್ ಆಯ್ತು ಸಾರ್

ಚಿತ್ರದ ಹೆಸರು ನಾನು ಹೇಳಬೇಕಿಲ್ಲ. ಡೂಂಲೈಟ್ ಸರ್ಕಲ್‌ನಿಂದ ಟೇಕಲ್ ರಸ್ತೆವರೆಗೆ ಕೋಲಾರದ ಗೋಡೆಗಳ ಮೇಲೆ ಸುಣ್ಣ ಕಾಣದ ಹಾಗೆ ಅಂಟಿಸಿದ್ದಾರೆ. ಹುಡುಗ, ಹುಡುಗಿ, ಹಿಂದೆ ಒಂದು ಬೆಟ್ಟ, ಬೆಟ್ಟದ ಮೇಲೆ ಕೆಂಪಕ್ಷರದಲ್ಲಿ ‘ನೈಜ ಘಟನೆ ಆಧಾರಿತ ಪ್ರೇಮಕಥೆ’. ಅದನ್ನು ನಂಬಿ ಟಿಕೆಟ್ ತಗೊಂಡು ಒಳಗೆ ಕೂತರೆ, ಸಿಗರೇಟಿನ ಎಚ್ಚರಿಕೆ ಮುಗಿದ ಕೂಡಲೇ ತೆರೆಯ ಮೇಲೆ ಬರೋದೇನು? ಇಲ್ಲಿರುವ ಪಾತ್ರಗಳೂ ಘಟನೆಗಳೂ ಸಂಪೂರ್ಣ ಕಾಲ್ಪನಿಕ, ಹೋಲಿಕೆ ಕಂಡುಬಂದರೆ ಅದು ಕಾಕತಾಳೀಯ. ಒಂದೇ ಮಾಲನ್ನು ಜನಕ್ಕೆ ನಿಜ ಅಂತಲೂ ವಕೀಲರಿಗೆ ಸುಳ್ಳು ಅಂತಲೂ ಮಾರುವ ಈ ವಿದ್ಯೆ ನಮ್ಮ ಮಂಡಿ ದಲ್ಲಾಳಿಗಳಿಗೂ ಇನ್ನೂ ಕೈಹತ್ತಿಲ್ಲ.

ನನ್ನ ತಕರಾರು ಚಿತ್ರದ ಮೇಲಲ್ಲ. ಆಟ ಬಿಟ್ಟ ಮೇಲೆ ಗೇಟಿನ ಮುಂದೆ ಇನ್ನೊಂದು ಆಟ ಶುರುವಾಗುತ್ತಲ್ಲ, ಅದರ ಮೇಲೆ. ಯೂಟ್ಯೂಬ್ ಚಾನೆಲ್ಲಿನ ಹುಡುಗರು ಮೈಕು ಹಿಡಿದು ನಿಂತಿರ್ತಾರೆ. ‘ಹೆಂಗೈತೆ ಅಣ್ಣಾ ಮೂವಿ?’ ಅಂತ ಕೇಳಿದ್ದೇ ತಡ, ಮನೆಯಲ್ಲಿ ಹೆಂಡತಿ ಕೇಳಿದರೂ ಬಾಯಿ ಬಿಡದ ಗಂಡಸರು ಕೂಡ ಕೂದಲು ಸರಿಮಾಡಿಕೊಂಡು ವಿಮರ್ಶಕರಾಗ್ತಾರೆ.

ಮೊದಲು ಬಂದವನ ಕಣ್ಣು ಇನ್ನೂ ಕೆಂಪಗಿತ್ತು. ಅತ್ತಿದ್ದಾನೆ, ಸಂಶಯವಿಲ್ಲ. ಅಂಗಿಯ ತೋಳಲ್ಲಿ ಮೂಗು ಒರೆಸಿಕೊಂಡು ಹೇಳಿದ: ‘ಫಸ್ಟ್ ಹಾಫ್ ಬೆಂಕಿ. ಸೆಕೆಂಡ್ ಹಾಫಲ್ಲಿ ಅವ್ರು ಸಾಯೋದು ಸ್ವಲ್ಪ ಲ್ಯಾಗ್ ಆಯ್ತು ಸಾರ್.’ ಆಹಾ! ನಿಜವಾಗಿ ಸತ್ತವರೇ ಆಗಿದ್ದರೂ ಇನ್ನೊಂಚೂರು ಚುರುಕಾಗಿ ಸಾಯಬೇಕಿತ್ತು. ಟ್ರಿಮ್ ಮಾಡಬೇಕಿತ್ತು. ಎಡಿಟರ್ ತಪ್ಪೋ, ಕೊಂದವರ ತಪ್ಪೋ, ಅದನ್ನವನು ಬಿಡಿಸಿ ಹೇಳಲಿಲ್ಲ.

ಎರಡನೆಯವರು ಬಿಳಿ ಶರ್ಟಿನ ಯಜಮಾನರು. ‘ಹುಡುಗಿ ಅಪ್ಪನ ಕ್ಯಾರೆಕ್ಟರ್‌ಗೆ ಅನ್ಯಾಯ ಮಾಡವ್ರೆ. ಅವನ ಕಡೆಯಿಂದಾನೂ ತೋರ್ಸಬೇಕಿತ್ತು. ಹೆತ್ತವರ ಸಂಕಟ ಯಾರಿಗೆ ಗೊತ್ತಾಗ್ತದೆ?’ ಸುತ್ತ ನಿಂತವರು ಹೌದೌದು ಅಂದರು. ಕೊಲೆ ಮಾಡಿದವನಿಗೆ ಡೈಲಾಗ್ ಕಮ್ಮಿ ಬಿತ್ತು ಅನ್ನೋದು ಎಂಥ ಸೂಕ್ಷ್ಮ ಕಲಾಪ್ರಜ್ಞೆ!

ಆಮೇಲೊಬ್ಬ ತಾಯಿ. ‘ಫ್ಯಾಮಿಲಿ ಸಮೇತ ನೋಡಬೋದು, ಹೆಣ್ಮಕ್ಕಳಿಗೆ ತೋರಿಸಲೇಬೇಕು, ಬುದ್ಧಿ ಬರ್ತದೆ’ ಅಂದರು. ಪಕ್ಕದಲ್ಲೇ ಕಾಲೇಜಿಗೆ ಹೋಗುವ ವಯಸ್ಸಿನ ಮಗಳು. ಬುದ್ಧಿ ಅನ್ನುವ ಮಾತು ಬಂದ ಕೂಡಲೇ ಆ ಹುಡುಗಿ ಬೆಳಗುತ್ತಿದ್ದ ಫೋನನ್ನು ಮೆಲ್ಲಗೆ ಬೋರಲು ಮಾಡಿ ಎದೆಗೆ ಒತ್ತಿಕೊಂಡಳು. ಯಾವ ಬುದ್ಧಿ ಅಂತ ಮೈಕಿನ ಹುಡುಗ ಕೇಳಲಿಲ್ಲ. ಆ ಹುಡುಗಿಯ ಕಡೆಗೂ ಮೈಕು ತಿರುಗಲಿಲ್ಲ.

ಹೊರಗಿನವರಿಗೆ ಕೋಲಾರದ ಪ್ರೇಕ್ಷಕ ಎಂಥವನು ಅಂತ ಸ್ವಲ್ಪ ಹೇಳಬೇಕು. ಗಡಿಯವರು ನಾವು. ಮನೆಯಲ್ಲಿ ತೆಲುಗು, ಆಫೀಸಿನಲ್ಲಿ ಕನ್ನಡ, ಮಂಡಿಯಲ್ಲಿ ಎರಡೂ, ಕೆಜಿಎಫ್ ಕಡೆ ಹೋದರೆ ತಮಿಳು. ನವೆಂಬರ್ ಬಂದರೆ ‘ಕನ್ನಡ ಚಿತ್ರಕ್ಕೆ ಥಿಯೇಟರ್ ಕೊಡಿ’ ಅಂತ ಬೆಳಿಗ್ಗೆ ಗಂಟಲು ಹರಿದುಕೊಂಡವರು, ಸುಸ್ತಾಯ್ತು ಅಂತ ಸಂಜೆ ತೆಲುಗು ಚಿತ್ರದಲ್ಲಿ ವಿಶ್ರಾಂತಿ ತಗೋತಾರೆ. ನನಗೇನೂ ಬೇಜಾರಿಲ್ಲ. ನಾಯಕಿ ತೆಲುಗಿನಲ್ಲಿ ಅತ್ತರೂ ನಮಗೆ ಅರ್ಥವಾಗುತ್ತೆ, ನಾಯಕ ತಮಿಳಲ್ಲಿ ಬೈದರೂ ಅರ್ಥವಾಗುತ್ತೆ. ಭಾಷೆಯ ವಿಷಯದಲ್ಲಿ ನಮ್ಮಷ್ಟು ಧಾರಾಳಿಗಳು ಕರ್ನಾಟಕದಲ್ಲಿ ಎಷ್ಟು ಜನ ಇದ್ದಾರು? ಅದೇ ಧಾರಾಳಿ ಹೊಸಬರ ಜೊತೆ ಟೀ ಕುಡಿಯುತ್ತಾ ಎರಡನೇ ಗುಟುಕಿಗೇ ‘ನೀವು ಯಾವ ಪೈಕಿ?’ ಅಂತ ಕೇಳ್ತಾನೆ. ಮೂರು ಭಾಷೆಯಲ್ಲೂ ಕೇಳಬಲ್ಲ.

ಈ ಗೇಟಿನ ಮುಂದಿನ ಮಾತಿಗೆ ಸಿನಿಮಾದವರು ಹೆದರುವ ಪರಿ ನೋಡಬೇಕು. 2024ರ ಮಾರ್ಚ್‌ನಲ್ಲಿ ಕೇರಳ ಹೈಕೋರ್ಟಿಗೆ ಅಮಿಕಸ್ ಕ್ಯೂರಿ, ಅಂದರೆ ಕೋರ್ಟಿಗೆ ನೆರವಾಗಲು ನೇಮಿಸಿದ ವಕೀಲರು, ಸಲ್ಲಿಸಿದ ವರದಿಯಲ್ಲಿ, ಬಿಡುಗಡೆಯಾಗಿ 48 ಗಂಟೆ ಕಳೆಯುವವರೆಗೆ ವ್ಲಾಗರ್‌ಗಳು ವಿಮರ್ಶೆ ಹಾಕದಿರಲಿ ಅಂತ ಸಲಹೆ ಇತ್ತು. ಅದೇ ವರ್ಷದ ಕೊನೆಗೆ ತಮಿಳು ನಿರ್ಮಾಪಕರು ‘ನಮಗೆ ಮೂರು ದಿನ ಬೇಕು’ ಅಂತ ಮದ್ರಾಸ್ ಹೈಕೋರ್ಟಿನ ಮೆಟ್ಟಿಲು ಹತ್ತಿದರು, ಕೋರ್ಟು ತಡೆ ಕೊಡಲಿಲ್ಲ. ನಮ್ಮವರು ಅವರಿಗಿಂತ ಚಾಲಾಕು. 2025ರ ಡಿಸೆಂಬರ್‌ನಲ್ಲಿ ಕೋರ್ಟಿನ ಆದೇಶ ತಂದು, ದೊಡ್ಡ ಚಿತ್ರವೊಂದಕ್ಕೆ ಬುಕ್‌ಮೈಶೋದಲ್ಲಿ ಸ್ಟಾರು, ವಿಮರ್ಶೆ ಎರಡನ್ನೂ ಬಂದ್ ಮಾಡಿಸಿದರು. ಕೋಟಿಗಟ್ಟಲೆ ಸುರಿದಿರುತ್ತಾರೆ, ಎಳೆ ಬಾಣಂತಿಯ ಹಾಗೆ ಗಾಳಿ ತಾಗದಂತೆ ನೋಡಿಕೊಳ್ಳಬೇಕಲ್ಲ. ಒಪ್ಪೋಣ.

ಹಾಗಾದರೆ ತೆರೆಯ ಹೊರಗೆ ಪ್ರೀತಿ ಮಾಡಿದವರಿಗೆ ಏನು ಏರ್ಪಾಡು? ಅವರಿಗೂ ಪ್ರೇಕ್ಷಕರ ಅಭಿಪ್ರಾಯದ ವ್ಯವಸ್ಥೆಯಿದೆ, ಸರ್ಕಾರವೇ ಮಾಡಿಕೊಟ್ಟಿದೆ. 1954ರ ವಿಶೇಷ ವಿವಾಹ ಕಾಯ್ದೆ. ಧರ್ಮ ಬೇರೆಬೇರೆಯಾದ ಇಬ್ಬರು, ಯಾರೂ ಮತಾಂತರವಾಗದೆ ಮದುವೆಯಾಗಬೇಕಾದರೆ ಹೋಗಬೇಕಾದ ದಾರಿ ಅದು. ಮದುವೆ ಅಧಿಕಾರಿಗೆ ನೋಟಿಸ್ ಕೊಡಬೇಕು. ಹೆಸರು, ವಯಸ್ಸು, ಕೆಲಸ, ಈಗಿರುವ ಮನೆ, ಕಾಯಂ ಮನೆ, ಎಲ್ಲ ಬರೆದು. ಅದನ್ನು ಆಫೀಸಿನಲ್ಲಿ ಎದ್ದು ಕಾಣುವ ಕಡೆ ಅಂಟಿಸ್ತಾರೆ. ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ಅಲ್ಲಿಗೂ ಒಂದು ಪ್ರತಿ ಹೋಗಿ ಅಲ್ಲೂ ಅಂಟುತ್ತೆ. ಎರಡು ಸೆಂಟರ್‌ನಲ್ಲಿ ಏಕಕಾಲಕ್ಕೆ ಬಿಡುಗಡೆ. ಮೂವತ್ತು ದಿನಗಳ ಪ್ರದರ್ಶನ ಗ್ಯಾರಂಟಿ. ಇತ್ತೀಚೆಗೆ ಯಾವ ಕನ್ನಡ ಚಿತ್ರಕ್ಕೆ ಸಿಕ್ಕಿದೆ ಹೇಳಿ ಈ ಭಾಗ್ಯ?

ಆ ಮೂವತ್ತು ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದು. ಕಾನೂನು ಒಪ್ಪುವ ಕಾರಣಗಳೇನೋ ನಾಲ್ಕೇ: ಮೊದಲೇ ಮದುವೆಯಾಗಿರೋದು, ವಯಸ್ಸಾಗದಿರೋದು, ತೀರಾ ಹತ್ತಿರದ ರಕ್ತಸಂಬಂಧ, ಒಪ್ಪಿಗೆ ಕೊಡುವಷ್ಟು ಬುದ್ಧಿ ಸ್ವಾಧೀನದಲ್ಲಿ ಇಲ್ಲದಿರೋದು. ಆದರೆ ಆ ಬೋರ್ಡು ಓದಲು ಬೈಕಿನಲ್ಲಿ ಮೂವರು ಮೂವರಾಗಿ ಬರುವವರು ಸೆಕ್ಷನ್ ಓದಿಕೊಂಡು ಬರ್ತಾರಾ? ಅವರಿಗೆ ಬೇಕಾದ್ದು ವಿಳಾಸ. ಅದನ್ನು ಸರ್ಕಾರವೇ ಟೈಪು ಮಾಡಿಸಿ ಇಟ್ಟಿರುತ್ತೆ. ದುರುದ್ದೇಶದಿಂದ ಆಕ್ಷೇಪಣೆ ಹಾಕಿದ್ದು ಸಾಬೀತಾದರೆ ವಸೂಲಿ ಎಷ್ಟು? ಹೆಚ್ಚೆಂದರೆ 1000 ರೂಪಾಯಿ. 1954ರಲ್ಲಿ ಅದು ಭಾರಿ ದುಡ್ಡೇ. ಈಗ ಬೆಂಗಳೂರಿನ ಮಾಲಿಗೆ ಹೋಗಿ ನಾಲ್ಕು ಜನ ಇದೇ ಪ್ರೇಮಕಥೆ ನೋಡಿ ಪಾಪ್‌ಕಾರ್ನ್ ತಿಂದರೆ ಅದಕ್ಕಿಂತ ಜಾಸ್ತಿಯಾಗುತ್ತೆ. ಈ ನೋಟಿಸ್ ಅಂಟಿಸುವುದು ಜೋಡಿ ಕೇಳಿದರೆ ಮಾತ್ರ ಸಾಕು ಅಂತ 2021ರಲ್ಲಿ ಅಲಹಾಬಾದ್ ಹೈಕೋರ್ಟ್ ಹೇಳಿತು. ಅದು ಉತ್ತರ ಪ್ರದೇಶದ ಮಾತು.

ಅಂದರೆ ಲೆಕ್ಕ ಹೀಗೆ. ಪ್ರೀತಿಸಿದ ಹಾಗೆ ನಟಿಸಿದವರ ಬಗ್ಗೆ ಮೊದಲೆರಡು ದಿನ ಯಾರೂ ತುಟಿ ಪಿಟಕ್ ಅನ್ನಬಾರದು. ನಿಜವಾಗಿ ಪ್ರೀತಿಸಿದವರ ಬಗ್ಗೆ ಒಂದು ತಿಂಗಳು ಊರೆಲ್ಲ ಮಾತಾಡಬೇಕು.

ಸುಪ್ರೀಂ ಕೋರ್ಟ್ 2018ರಲ್ಲಿ, ಮರ್ಯಾದೆಯ ಹೆಸರಿನ ಕೊಲೆಗಳನ್ನು ತಡೆಯೋದಕ್ಕೆ ಹೂಡಿದ ಶಕ್ತಿವಾಹಿನಿ ಪ್ರಕರಣದಲ್ಲಿ, ಜಿಲ್ಲೆ ಜಿಲ್ಲೆಯಲ್ಲೂ ವಿಶೇಷ ಘಟಕ, 24 ಗಂಟೆಯ ಸಹಾಯವಾಣಿ, ಬೆದರಿಕೆಯಿರುವ ಜೋಡಿಗಳಿಗೆ ಸುರಕ್ಷಿತ ಮನೆ ಅಂತೆಲ್ಲ ನಿರ್ದೇಶನ ಕೊಟ್ಟಿತು. ಇದರ ಪೋಸ್ಟರನ್ನು ನೀವು ಯಾವ ಗೋಡೆಯ ಮೇಲಾದರೂ ನೋಡಿದ್ದೀರಾ? ಆ ಸಹಾಯವಾಣಿಯ ನಂಬರು ಗೊತ್ತಾ? ಹೀರೋನ ಹುಟ್ಟುಹಬ್ಬಕ್ಕೆ ಕಟ್ಟಿದ ಬ್ಯಾನರು ಮುಂದಿನ ಹುಟ್ಟುಹಬ್ಬದವರೆಗೂ ಕಂಬದ ಮೇಲೆ ಇರುತ್ತಲ್ಲ, ಅದರ ಮೂಲೆಯಲ್ಲಾದರೂ ಒಂದು ಸಾಲು ಬರೆಸಬಹುದಿತ್ತು.

ಗೇಟಿನ ಮುಂದೆ ಇನ್ನೊಬ್ಬ ಅಣ್ಣ ಸಿಕ್ಕ. ಟೊಮೆಟೊ ಮಂಡಿಯವನು, ಮಾತಿನಲ್ಲೇ ಗೊತ್ತಾಗುತ್ತೆ. ‘ಮೇಕಿಂಗ್ ಚೆನ್ನಾಗೈತೆ. ಆದ್ರೆ ಕಥೆ ನಂಬೋ ಹಂಗಿಲ್ಲ. ಹೆತ್ತಪ್ಪ ಯಾರಾನ ಹಂಗ್ ಮಾಡ್ತಾನಾ? ಇದೆಲ್ಲ ನಮ್ ಕಡೆ ನಡ್ಯಲ್ಲ ಬುಡಿ’ ಅಂದ.

ನಡ್ಯಲ್ಲ. 2023ರ ಜುಲೈನಲ್ಲಿ ನಮ್ಮ ಮಂಡಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿದ್ದು ಜಿಲ್ಲೆಯ ಕೂಸಿಗೂ ನೆನಪಿದೆ. ಯಾರು ಎಷ್ಟು ಬಾಕ್ಸ್ ಹಾಕಿದರು, ಯಾರು ಟ್ರ್ಯಾಕ್ಟರ್ ತಂದರು, ಯಾರು ತೋಟಕ್ಕೆ ಕಾವಲು ಹಾಕಿದರು, ಎಲ್ಲ ಬಾಯಿಪಾಠ. ಅದಕ್ಕೆ ಸ್ವಲ್ಪ ಮುಂಚೆ, ಜೂನ್ ಕೊನೆಯಲ್ಲಿ, ಇದೇ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಒಂದು ಊರಲ್ಲಿ ಇಪ್ಪತ್ತು ವರ್ಷದ ಹುಡುಗಿ ಸತ್ತಳು. ದಲಿತ ಹುಡುಗನನ್ನು ಇಷ್ಟಪಟ್ಟಳು ಅಂತ ಹೆತ್ತಪ್ಪನೇ ಕೊಂದ ಅಂತ ಪೊಲೀಸರು ಹೇಳಿದರು. ಸುದ್ದಿ ತಿಳಿದು ಆ ಹುಡುಗ ರೈಲಿಗೆ ತಲೆ ಕೊಟ್ಟ. ಪೇಪರಿನಲ್ಲಿ ಬಂತು, ಟಿವಿಯಲ್ಲಿ ಬಂತು. ಅಣ್ಣನಿಗೆ ಟೊಮೆಟೊ ರೇಟು ನೆನಪಿದೆ. ಬಂಗಾರಪೇಟೆ ಅಂದರೆ ಅವನಿಗೆ ಪಾನಿಪುರಿ ನೆನಪಾಗುತ್ತೆ. ಥಿಯೇಟರಿನ ಕತ್ತಲಲ್ಲಿ, ಹಿನ್ನೆಲೆ ಸಂಗೀತ ಹಾಕಿ, ಮಳೆ ಸುರಿಸಿ, ಹುಡುಗಿಯ ಮುಖವನ್ನು ನಲವತ್ತಡಿ ದೊಡ್ಡದು ಮಾಡಿ ತೋರಿಸಿದರೆ ಮಾತ್ರ ಇವರಿಗೆ ಅಳು ಬರೋದಾ? ಅತ್ತ ಮೇಲೂ ‘ನಂಬೋ ಹಂಗಿಲ್ಲ’ ಅನ್ನೋದಾ? ನನಗಂತೂ ಇದರಲ್ಲಿ ನಗೋದಕ್ಕೆ ಏನೂ ಉಳಿದಿಲ್ಲ. ವಾರದ ಜಾಗ ತುಂಬಿಸಬೇಕು, ಬರೀತಿದ್ದೀನಿ.

ಆದರೂ ಮೈಕಿನ ಹುಡುಗರ ಶ್ರಮವನ್ನು ಮೆಚ್ಚಬೇಕು. ಕೊನೆಗೆ ಎಲ್ಲರನ್ನೂ ಗುಂಪಾಗಿ ನಿಲ್ಲಿಸಿ ‘ಐದಕ್ಕೆ ಎಷ್ಟು ಕೊಡ್ತೀರಾ?’ ಅಂತ ಕೇಳಿದರು. ಮೂರೂವರೆ, ನಾಲ್ಕು, ಮೂರೂವರೆ. ಹಾಡಿಗೆ ಬೇರೆ ಮಾರ್ಕ್ಸು, ಕ್ಯಾಮೆರಾಗೆ ಬೇರೆ. ಬಿಳಿ ಶರ್ಟಿನ ಯಜಮಾನರು ಅಪ್ಪನ ಪಾತ್ರದ ಬಾಬ್ತು ಅರ್ಧ ಸ್ಟಾರು ಕಡಿತ ಮಾಡಿದರು. ಹಿಂದಿನಿಂದ ಒಬ್ಬ ಹುಡುಗ ತಲೆ ತೂರಿಸಿ ಜೋರಾಗಿ ಕೇಳಿದ: ‘ಪಾರ್ಟ್ ಟೂ ಯಾವಾಗ ಸಾರ್?’

ಇಬ್ಬರೂ ಸತ್ತು ಮುಗಿದಿರುವ ಚಿತ್ರಕ್ಕೆ ಪಾರ್ಟ್ ಟೂ. ನಮ್ಮ ಜಿಲ್ಲೆಯನ್ನು ನಂಬಿಕೊಂಡೇ ಕೇಳಿರಬೇಕು.